ಬಾನೆಟ್ಟಿನೊಳಗಿನ ಪಾರಿವಾಳ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಕಾರಿನ ಕಾಯಿಲೆ ಎಲ್ಲರಿಗಿಂತ ಮೊದಲು ಕೇಳಿಸಿದ್ದು ನನ್ನ ಕಿವಿಗೆ. ಕೇಳಿಸಿದ ಕೂಡಲೇ ಮೆಕ್ಯಾನಿಕ್ ಎನ್ನಿಸಿಕೊಂಡವನು ಬಾನೆಟ್ ತೆರೆಯಬೇಕು. ನಾನು ಬಾಯಿ ತೆರೆದೆ.

ಹೊಸಪೇಟೆ ರಸ್ತೆಯ ಪಕ್ಕದಲ್ಲಿ ಹಳೆ ಕಾರು ಮಾರುವ ಜಾಗ ಅದು. ಡಾಕ್ಟ್ರಮ್ಮ ಒಂದು ಹೈಬ್ರಿಡ್ ಕಾರು ಮೆಚ್ಚಿಕೊಂಡು, ಕೊಳ್ಳುವ ಮುಂಚೆ ಪರೀಕ್ಷೆ ಮಾಡಲಿಕ್ಕೆ ನನ್ನನ್ನು ಕರೆದುಕೊಂಡು ಹೋಗಿದ್ದರು. ಪೆಟ್ರೋಲ್ ಎಂಜಿನ್ ಒಂದು, ಬ್ಯಾಟರಿಯಿಂದ ತಿರುಗುವ ಮೋಟಾರ್ ಒಂದು, ಎರಡೂ ಸೇರಿ ಎಳೆಯುವ ಗಾಡಿ. ನಾನು ಡ್ರೈವರ್ ಕಡೆಯ ಬಾಗಿಲು ತೆಗೆದೆ. ಬಾನೆಟ್ ಒಳಗೆ ‘ಗುಟುರ್ರ್’ ಅಂತ ಸಣ್ಣ ಸದ್ದು. ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ‘ಗುಟುರ್ರ್’. ನಾನು ಕತ್ತು ಮುಂದಕ್ಕೆ ಹಿಂದಕ್ಕೆ ಆಡಿಸಿ, ಎದೆ ಉಬ್ಬಿಸಿ, ಆ ಸದ್ದನ್ನು ಹಾಗೆಯೇ ಹೊರಡಿಸಿದೆ. “ಮೇಡಂ, ಒಳಗ ಪಾರಿವಾಳ ಕುಂತೈತ್ರಿ. ಮರಿ ಮಾಡಿದ್ರ ಮರಿ ನನಗ!” ಡಾಕ್ಟ್ರಮ್ಮ ನಕ್ಕರು. ಮಾರುವವನಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಯಾಕೆ ಅಷ್ಟು ನಕ್ಕ ಎಂದು ಈಗ ಗೊತ್ತಾಗುತ್ತದೆ. ನಗು ನಿಂತ ಮೇಲೆ ಎಂಜಿನ್ ಆಯಿಲ್ ನೋಡಿದೆ, ಟೈರು ನೋಡಿದೆ, ಕೆಳಗೆ ತೂರಿ ತುಕ್ಕು ನೋಡಿದೆ, ‘ಗಾಡಿ ಬೆಣ್ಣಿ ಐತ್ರಿ’ ಎಂದೆ. ಆ ಸದ್ದು ಏನು ಎಂದು ಯಾರನ್ನೂ ಕೇಳಲಿಲ್ಲ. ಚೆನ್ನಾಗಿ ಅನುಕರಿಸಲು ಬಂದದ್ದೆಲ್ಲ ಅರ್ಥವೂ ಆಗಿದೆ ಎಂದು ತಿಳಿಯುವ ರೋಗ ನನ್ನದು.

ಡಾಕ್ಟ್ರಮ್ಮ ಅಂದರೆ ಔಷಧಿ ಕೊಡುವವರಲ್ಲ. ಲಕ್ವಾ ಹೊಡೆದವರಿಗೆ, ಸೊಂಟ ಮುರಿದವರಿಗೆ ಮನೆಗೇ ಹೋಗಿ ಮತ್ತೆ ನಡೆಯುವುದನ್ನು ಕಲಿಸುವ ಫಿಸಿಯೋಥೆರಪಿಸ್ಟ್. ಮನೆ ಬಳ್ಳಾರಿಯ ಗಾಂಧಿನಗರದಲ್ಲಿ, ನಮ್ಮ ಗ್ಯಾರೇಜಿನಿಂದ ಎರಡು ಬೀದಿ ಆಚೆ. ವಾರದಲ್ಲಿ ಎರಡು ದಿನ ಕುರುಗೋಡಿನ ಕಡೆ, ನಾಲ್ಕು ದಿನ ಸಿರಿಗೇರಿ ಮೇಲೆ ಹಾಯ್ದು ಸಿರುಗುಪ್ಪದ ಕಡೆ. ಅಷ್ಟು ಓಡಾಟಕ್ಕೆ ಪೆಟ್ರೋಲ್ ಕಡಿಮೆ ಕುಡಿಯಲಿ ಎಂದೇ ಹೈಬ್ರಿಡ್ ಆರಿಸಿದ್ದು. ಕಾರು ಇದ್ದರೆ ದಿನಕ್ಕೆ ಏಳೆಂಟು ಮನೆ. ಬಸ್ಸಿನಲ್ಲಾದರೆ ಮೂರು, ಬಹಳ ಆಯಿತೆಂದರೆ ನಾಲ್ಕು. ಕಾರು ಕೈಕೊಟ್ಟರೆ ಸಿರುಗುಪ್ಪದ ಕಡೆಯ ರೋಗಿಗಳನ್ನು ಬಿಡಬೇಕು. ಆ ಕಡೆ ಮನೆ ಬಾಗಿಲಿಗೆ ಹೋಗುತ್ತಿದ್ದವರು ಇವರೊಬ್ಬರೇ.

ಕಾರು ಕೊಂಡ ಮೂರನೇ ವಾರಕ್ಕೆ ಡಾಕ್ಟ್ರಮ್ಮನ ಫೋನ್ ಬಂತು. “ಏನಪ, ಮುಂದಿನ ಬೋರ್ಡಿನಾಗ ದೀಪಾವಳಿ ಆಗೇತಲ್ಲೋ.”

ಕಾರು ಗ್ಯಾರೇಜಿಗೆ ಬಂತು. ಹಳದಿ ದೀಪ ಎರಡು, ಬ್ರೇಕಿನ ಕೆಂಪು ದೀಪ ಒಂದು. ನಮ್ಮ ಮೇಸ್ತ್ರಿ, ಅಂದರೆ ಗ್ಯಾರೇಜಿನ ಯಜಮಾನ, ಕನ್ನಡಕ ಹಣೆಗೆ ಏರಿಸಿ ಸ್ಟೀರಿಂಗ್ ಹಿಂದೆ ಇಣುಕಿದರು. ಅವರ ಕೈಯಲ್ಲಿ ಗುಣವಾಗದ ಗಾಡಿ ಬಳ್ಳಾರಿಯಲ್ಲಿ ಇಲ್ಲ ಎಂದು ಅವರೇ ಹೇಳುತ್ತಾರೆ. ಡಿಕ್ಕಿಯಲ್ಲಿರುವ ಸಣ್ಣ ಬ್ಯಾಟರಿಗೆ ಮೀಟರ್ ಹಿಡಿದೆ. ಕರೆಂಟ್ ಕಮ್ಮಿ. ಈ ಗಾಡಿಗಳಲ್ಲಿ ಆ ಬ್ಯಾಟರಿ ಸೊರಗಿದರೆ ಕಂಪ್ಯೂಟರ್ ಗಾಬರಿಯಾಗಿ ಸಿಕ್ಕ ಸಿಕ್ಕ ದೀಪ ಹಚ್ಚುವುದು ನಿಜ. ಬ್ಯಾಟರಿ ಬದಲಾಯಿಸಿದೆವು. ದೀಪಗಳು ಆರಿದವು.

“ನೋಡಿದೇನಲೇ? ಕೈಗೆ ಸಿಗದ ರೋಗ ಯಾವ್ದೈತಿ?” ಎಂದರು ಮೇಸ್ತ್ರಿ.

ಅವರು ಆಚೆ ಹೋದ ಮೇಲೆ ಕನ್ನಡಕ ಇಲ್ಲದ ಹಣೆಗೆ ಕನ್ನಡಕ ಏರಿಸಿ, ಅದೇ ಮಾತನ್ನು ಅದೇ ಧ್ವನಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ನಗಿಸುತ್ತಿದ್ದಾಗಲೇ ಹಿಂದಿನಿಂದ ‘ಗುಟುರ್ರ್’. ಪಾರಿವಾಳ ಅಲ್ಲೇ ಇತ್ತು. ಆದರೆ ದೀಪ ಆರಿತ್ತಲ್ಲ. ಸುಮ್ಮನಾದೆ.

ಎರಡು ದಿನ ಗಾಡಿ ಚೆನ್ನಾಗಿ ಓಡಿತು. ಮೂರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮತ್ತೆ ಫೋನ್. ಈ ಸಲ ಡಾಕ್ಟ್ರಮ್ಮನ ಧ್ವನಿಯಲ್ಲಿ ತಮಾಷೆ ಇರಲಿಲ್ಲ. “ಸಿರಿಗೇರಿ ದಾಟಿ ಕಾಲುವಿ ಹತ್ರ ಅದೀನಿ. ಬಾ.” ಅಷ್ಟೇ.

ಬೈಕ್ ತೆಗೆದುಕೊಂಡು ಹೋದೆ. ಎಡಕ್ಕೆ ಬಲಕ್ಕೆ ಭತ್ತದ ಗದ್ದೆ, ನಡುವೆ ರಸ್ತೆಯ ಅಂಚಿನಲ್ಲಿ ಕಾರು. ಕಾರಿನ ಮೂತಿಗೂ ಭತ್ತದ ಚೀಲ ಹೇರಿದ್ದ ಟ್ರ್ಯಾಕ್ಟರ್ ಟ್ರೇಲರಿಗೂ ನಡುವೆ ಒಂದು ಗೇಣು. ಟ್ರ್ಯಾಕ್ಟರಿನವನು ಇನ್ನೂ ಅಲ್ಲೇ ನಿಂತಿದ್ದ; ಅಳೆದೇ ನೋಡಿದೆ, ನನ್ನ ಗೇಣು. ಆದದ್ದಿಷ್ಟು: ಮುಂದೆ ಕುರಿ ಹಿಂಡು ಅಡ್ಡ ಬಂದು ಟ್ರ್ಯಾಕ್ಟರ್ ನಿಂತಿದೆ. ಇವರು ಬ್ರೇಕ್ ಒತ್ತಿದರೆ ಪೆಡಲ್ ಕಲ್ಲಾಗಿದೆ. ಒಳಗೆ ‘ಪೀಂ’ ಎಂದು ನಿಲ್ಲದ ಕೂಗು.

“ಎರಡೂ ಕಾಲು ಇಟ್ಟು ಒತ್ತೀನಿ. ಸಾಲಲಿಲ್ಲ, ಕೈಬ್ರೇಕು ಎಳದೆ” ಎಂದರು. ಮಾತು ಸರಿಯಾಗಿಯೇ ಇತ್ತು. ನೀರಿನ ಬಾಟಲಿಯನ್ನು ಮುಚ್ಚಳ ತೆಗೆಯಲು ನನ್ನ ಕೈಗೆ ಕೊಟ್ಟರು. ನಾನು ತಿರುಗಿಸಿ ಕೊಟ್ಟೆ. ಅವತ್ತು ಯಾರ ಧ್ವನಿಯನ್ನೂ ಅನುಕರಿಸುವ ಮನಸ್ಸಾಗಲಿಲ್ಲ.

ಕಾರನ್ನು ಎಳೆಸಿಕೊಂಡು ಬಂದೆವು. ಮೇಸ್ತ್ರಿಯ ತೀರ್ಪು ತಕ್ಷಣ ಸಿದ್ಧ: “ಬ್ರೇಕ್ ಆಯಿಲ್ ಲೈನಿನಾಗ ಗಾಳಿ ಸೇರೇತಿ. ಗಾಳಿ ತೆಗಿ.”

ಗಾಳಿ ತೆಗೆಯುವುದು ಗ್ಯಾರೇಜಿನಲ್ಲಿ ಒಂದು ಕಟ್ಟಳೆ. ಒಬ್ಬ ಒಳಗೆ ಕೂತು ಪೆಡಲ್ ಹೊಡೆಯಬೇಕು, ಇನ್ನೊಬ್ಬ ಚಕ್ರದ ಹತ್ತಿರ ಕೂತು ನಿಪ್ಪಲ್ ಎಂಬ ಸಣ್ಣ ತಿರುಪು ಸಡಿಲಿಸಿ ಗಾಳಿ ಗುಳ್ಳೆ ಬರುವ ಆಯಿಲನ್ನು ಬಾಟಲಿಗೆ ಬಿಡಬೇಕು. ‘ಹೊಡಿ, ಹೊಡಿ, ಹೊಡಿ... ಹಿಡಿ!’ ಎಂದು ಕೂಗುತ್ತಾ ಮೇಸ್ತ್ರಿ ಆಯುಷ್ಯವನ್ನೇ ಕಳೆದಿದ್ದಾರೆ. ನಾನು ಒಳಗೆ ಕೂತೆ. ಮುಂದಿನ ಎರಡು ಚಕ್ರ ಮುಗಿದವು. ಹಿಂದಿನ ಚಕ್ರಕ್ಕೆ ಹೋದರು.

“ಹೊಡಿ, ಹೊಡಿ, ಹೊಡಿ... ಹಿಡಿ!”

ಹಿಡಿದೆ. ಅವರು ನಿಪ್ಪಲ್ ತಿರುಗಿಸಿದರು. ನಮ್ಮ ಲೆಕ್ಕದಲ್ಲಿ ಆಯಿಲ್ ತೊಟ್ಟಿಕ್ಕಬೇಕು. ಅಲ್ಲಿ ಆದದ್ದೇ ಬೇರೆ. ಈ ಕಾರಿನ ಹಿಂದಿನ ಚಕ್ರಗಳಿಗೆ ಒತ್ತಡ ಕೊಡುವುದು ನನ್ನ ಕಾಲಲ್ಲ, ಬಾನೆಟ್ಟಿನೊಳಗಿನ ಪಂಪು. ಪೆಡಲ್ ಮುಟ್ಟಿದ ಕೂಡಲೇ ಅದು ಎಚ್ಚರಾಗುತ್ತದೆ. ಪಿಚಕಾರಿ ಹೊಡೆದ ಹಾಗೆ ಆಯಿಲ್ ಹಾರಿ ಮೇಸ್ತ್ರಿಯ ಕನ್ನಡಕ, ಮೀಸೆ, ಅಂಗಿಯ ಜೇಬು ತುಂಬಿತು.

“ಬಿಡಲೇ! ಕಾಲು ಬಿಡಲೇ, ಹುಚ್ಚ್ ಮುಂಡೇದೆ!”

“ಹಿಡಿ ಅಂದ್ರೆಲ್ರಿ ಮೇಸ್ತ್ರಿ?”

“ಹಿಡಿ ಅಂದೆ, ಹೋಳಿ ಆಡು ಅಂದೆ ಏನ್ಲೇ?”

ಇದು ಪಂಪಿನ ಕೆಲಸ ಎಂಬುದು ಆ ಕ್ಷಣದಲ್ಲಿ ನಮ್ಮಿಬ್ಬರಿಗೂ ಗೊತ್ತಿಲ್ಲ. ನಾನು ನಗುತ್ತಾ ಕೂತಿರುವಷ್ಟರಲ್ಲಿ ಬಾನೆಟ್ಟಿನೊಳಗಿನ ಬ್ರೇಕ್ ಆಯಿಲ್ ಡಬ್ಬಿ ಬರಿದಾಗಿ, ಪಂಪು ಆಯಿಲ್ ಬದಲು ಗಾಳಿಯನ್ನೇ ಎಳೆದುಕೊಂಡಿತು. ಕಲ್ಲಾಗಿದ್ದ ಪೆಡಲ್ ಈಗ ಹಿಟ್ಟಿನ ಮುದ್ದೆಯಾಯಿತು. ಒತ್ತಿದರೆ ತಳ ಮುಟ್ಟುತ್ತದೆ. ಗಾಳಿ ತೆಗೆಯಲು ಹೋಗಿ ಇಲ್ಲದ ಗಾಳಿ ತುಂಬಿಸಿದ್ದೆವು. ಮೇಸ್ತ್ರಿ ಸಂಜೆವರೆಗೂ ಕನ್ನಡಕ ಒರೆಸಿಕೊಂಡರು.

ಅಲ್ಲಿಂದ ನನಗೆ ಕೂತಲ್ಲಿ ಕೂರಲಾಗದ ದಿನಗಳು ಶುರುವಾದವು. ಡಾಕ್ಟ್ರಮ್ಮ ಬೆಳಿಗ್ಗೆ ಬಸ್ಸಿಗೆ ಹೋಗುವಾಗ ಗ್ಯಾರೇಜಿನ ಮುಂದೆಯೇ ಹಾಯುತ್ತಿದ್ದರು. ಹೆಗಲಿಗೆ ಚೀಲ, ಕೈಯಲ್ಲಿ ರೋಗಿಗಳು ಹಿಡಿದು ನಡೆಯುವ, ಮಡಚುವ ವಾಕರ್. ನಿಂತು ಕೇಳುತ್ತಿರಲಿಲ್ಲ, ಬಯ್ಯುತ್ತಲೂ ಇರಲಿಲ್ಲ, ಸುಮ್ಮನೆ ಕಾರಿನ ಕಡೆ ಒಂದು ಸಲ ನೋಡಿ ಹೋಗುತ್ತಿದ್ದರು. ಬಯ್ದಿದ್ದರೆ ಮರುದಿನ ಅವರ ಬೈಗುಳವನ್ನಾದರೂ ಅನುಕರಿಸಿ ಹಗುರಾಗುತ್ತಿದ್ದೆ.

ಹುಬ್ಬಳ್ಳಿಯಲ್ಲಿ ಒಬ್ಬರಿದ್ದಾರೆ, ಕಂಪನಿ ಶೋರೂಮಿನ ಕೆಲಸ ಬಿಟ್ಟು ಕಾರಿನ ಕಂಪ್ಯೂಟರನ್ನು ಓದುವ ಸ್ವಂತ ಸ್ಕ್ಯಾನರ್ ಇಟ್ಟುಕೊಂಡು ಊರೂರು ತಿರುಗುತ್ತಾರೆ ಎಂದು ಬಿಡಿಭಾಗದ ಅಂಗಡಿಯವನು ನಂಬರ್ ಕೊಟ್ಟ. ಮೇಸ್ತ್ರಿಗೆ ಹೇಳದೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು, “ಮೊದಲಿಗೆ ಸಪ್ಪಳ ಏನರ ಬರ್ತಿತ್ತೇನು?” ಎಂದರು.

ಇದು ನನ್ನ ಕ್ಷೇತ್ರ. ಫೋನಿಗೆ ಬಾಯಿ ಹಚ್ಚಿ ಪಾರಿವಾಳ ಕೂಗಿಸಿದೆ.

“ಭಾರಿ ಮಾಡ್ತೀರಿ. ಅದು ಬ್ರೇಕಿನ ಪಂಪು. ಎಷ್ಟು ಸೆಕೆಂಡಿಗೊಮ್ಮೆ ಕೂಗ್ತಿತ್ತು?”

“ಅದು... ಎಣಿಸಿಲ್ಲರಿ.”

“ಹಂಗಾರ ನೀವು ಅರ್ಧಾನ ಕೇಳೀರಿ. ಸಪ್ಪಳ ಎಲ್ಲಾ ಗಾಡಿಯಾಗೂ ಬರ್ತೈತಿ. ನಡುವ ಎಷ್ಟು ಹೊತ್ತು ಸುಮ್ಮನಿರ್ತೈತಿ, ಅದರಾಗ ರೋಗ ಇರೋದು.”

ಚಿಕ್ಕಂದಿನಿಂದ ಜನರ, ಯಂತ್ರಗಳ ಸದ್ದು ಕದ್ದವನು ನಾನು. ಎರಡು ಸದ್ದುಗಳ ನಡುವಿನ ಮೌನವನ್ನು ಒಮ್ಮೆಯೂ ಕದ್ದಿರಲಿಲ್ಲ. ಅವತ್ತಿನಿಂದ ಎಣಿಸುವ ಹುಚ್ಚು ಹಿಡಿಯಿತು. ಮನೆಯ ಫ್ರಿಜ್ಜು, ಪಕ್ಕದವರ ನೀರಿನ ಮೋಟಾರು, ಚಹಾದಂಗಡಿಯವನ ಕೆಮ್ಮು, ಎಲ್ಲದರ ನಡುವೆ ಸೆಕೆಂಡು ಎಣಿಸತೊಡಗಿದೆ. ಚಹಾದಂಗಡಿಯವನು “ಯಾಕಪ, ನನ್ನ ಮಾರಿ ನೋಡಿ ಏನು ಮಣಮಣ ಅಂತಿ?” ಎಂದು ಗದರಿದ.

ಹುಬ್ಬಳ್ಳಿಯವರಿಗೆ ಕುಡತಿನಿಯಲ್ಲಿ ವಿದ್ಯುತ್ ಸ್ಥಾವರದ ಒಬ್ಬ ಅಧಿಕಾರಿಯ ಕಾರಿನ ಕೆಲಸವಿತ್ತು. ಅದನ್ನು ಮುಗಿಸಿ ಬಳ್ಳಾರಿಗೆ ಬಂದರು. ಮೇಸ್ತ್ರಿ ‘ಬರ್ರಿ’ ಎಂದರು, ಆದರೆ ಕುರ್ಚಿ ಹಾಕಲಿಲ್ಲ. ಅವರು ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ವೈರ್ ಚುಚ್ಚಿ, ಸ್ಕ್ಯಾನರಿನಿಂದ ಒಂದೊಂದೇ ಕವಾಟ ತೆರೆಸಿ, ಪಂಪನ್ನು ತಮಗೆ ಬೇಕಾದಾಗ ಓಡಿಸಿ, ಬೇಕಾದಾಗ ನಿಲ್ಲಿಸಿ ನಾಲ್ಕೂ ಚಕ್ರದ ಗಾಳಿ ತೆಗೆದರು. ಎರಡೂವರೆ ಗಂಟೆ ಹಿಡಿಯಿತು. ‘ಹೊಡಿ, ಹಿಡಿ’ ಒಂದು ಸಲವೂ ಇಲ್ಲ. ಮೇಸ್ತ್ರಿ ದೂರ ನಿಂತು ಎಲ್ಲವನ್ನೂ ನೋಡುತ್ತಿದ್ದರು, ನೋಡುತ್ತಿಲ್ಲ ಎಂಬಂತೆ.

ಆಮೇಲೆ ಪೆಡಲ್ ಮುಟ್ಟದೆ ಗಾಡಿ ಆನ್ ಮಾಡಿ ಎಲ್ಲರೂ ಸುಮ್ಮನೆ ನಿಂತೆವು. ಗುಟುರ್ರ್. ಎಣಿಸಿದೆ. ಎಂಟು ಸೆಕೆಂಡು. ಗುಟುರ್ರ್. ಮತ್ತೆ ಎಂಟು.

“ಆರಾಮ ಇದ್ದ ಪಂಪು ಒಂದು ನಿಮಿಷದ ಮ್ಯಾಲೆ ಸುಮ್ಮನಿರಬೇಕು” ಎಂದರು ಅವರು. ಡಾಕ್ಟ್ರಮ್ಮನೂ ಬಂದಿದ್ದರು. ಅವರಿಗೆ ನಾನೇ ತಿಳಿಸಿ ಹೇಳಿದೆ: “ಮಾಳಿಗಿ ಮ್ಯಾಲಿನ ನೀರಿನ ಟ್ಯಾಂಕ್ ಇದ್ದಂಗ ಮೇಡಂ. ಒತ್ತಡ ತುಂಬಿ ಇಟ್ಕೊಂಡಿರ್ತೈತಿ. ಒಳಗ ಸೋರಾಕತ್ತೈತಿ, ಅದಕ್ಕ ಮೋಟರು ಮ್ಯಾಲಿಂದ ಮ್ಯಾಲೆ ಹೊಡಕೊಳ್ಳಾಕತ್ತೈತಿ. ಒಂದಿನ ಮೋಟರು ಸೋಲ್ತೈತಿ, ಅವಾಗ ಟ್ಯಾಂಕ್ ಖಾಲಿ, ಪೆಡಲ್ ಕಲ್ಲು.”

ನಾಲ್ಕೈದು ದಿನಕ್ಕೊಮ್ಮೆ ನಲ್ಲಿ ನೀರು ಕಾಯುವ ಬಳ್ಳಾರಿಯವರಿಗೆ ಸೋರುವ ಟ್ಯಾಂಕಿನ ಸಂಕಟ ಬಿಡಿಸಿ ಹೇಳಬೇಕಿಲ್ಲ. “ಟ್ಯಾಂಕಿಗೆ ತೇಪಿ ಹಚ್ಚಾಕ ಬರಲ್ಲೇನು?” ಎಂದರು ಡಾಕ್ಟ್ರಮ್ಮ.

“ಇಲ್ಲರಿ. ಪಂಪು, ಕವಾಟ, ಟ್ಯಾಂಕು ಎಲ್ಲಾ ಒಂದ ಗಡ್ಡಿ. ಪೂರ್ತಿ ಬದಲಿ ಮಾಡಬೇಕು” ಎಂದು ಹುಬ್ಬಳ್ಳಿಯವರು ಬೆಲೆ ಹೇಳಿದರು. ಡಾಕ್ಟ್ರಮ್ಮ ಕಾರಿಗೆ ಕೊಟ್ಟದ್ದರ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು. ಗುಜರಿಯಿಂದ ಹಳೆಯದು ತರಬಹುದಲ್ಲ ಎಂದು ಮೇಸ್ತ್ರಿ ಬಾಯಿ ಹಾಕಿದರು. “ತರಬಹುದು. ಅದಕ್ಕೂ ಇದರಷ್ಟ ವಯಸ್ಸು, ಇದರದ ರೋಗ. ನಾನಂತೂ ಕೂಡಸಂಗಿಲ್ಲ” ಎಂದು ಅವರು ವೈರ್ ಸುತ್ತಿಕೊಂಡರು. ಹೊರಡುವಾಗ ಕಾರಿನ ಕಂಪ್ಯೂಟರ್ ಬರೆದಿಟ್ಟುಕೊಂಡಿದ್ದ ತಪ್ಪಿನ ಕೋಡುಗಳನ್ನು ಅಳಿಸಿದರು. ದೀಪ ಆರಿತು. ನನ್ನ ಮುಖ ನೋಡಿ ಒಂದು ಮಾತು ಬಿಟ್ಟು ಹೋದರು: “ಗುಣ ಆಗೇತಿ ಅನ್ಕೋಬ್ಯಾಡ್ರಿ. ಬಾಯಿ ಮುಚ್ಚಿಸೀನಿ ಅಷ್ಟ. ದೊಡ್ಡ ರಸ್ತಿಗೆ ಒಯ್ಯಬ್ಯಾಡ್ರಿ.”

ಮಾರುವ ಜಾಗದವನು ನಮಗೆ ಮಾಡಿದ್ದೂ ಇದನ್ನೇ ಇರಬೇಕು. ಬಾಯಿ ಮುಚ್ಚಿಸಿ ಕಳಿಸಿದ್ದ. ಎರಡು ವಾರ ಮುಚ್ಚಿತ್ತು.

ಡಾಕ್ಟ್ರಮ್ಮ ಆ ವಾರ ಎರಡು ಮನೆಗಳಿಗೆ ‘ಇನ್ನ ಬರಾಕ ಆಗಲ್ಲ’ ಎಂದು ಹೇಳಿ ಬಂದರಂತೆ. ಎರಡೂ ಸಿರುಗುಪ್ಪದ ಕಡೆಯವು. ಆಗಲೇ ಮೇಸ್ತ್ರಿ ಹೇಳಿದ್ದು: “ಮೇಡಂ, ಇದನ್ನ ಮಾರಿ ಕೈತೊಳ್ಕೊಳ್ರಿ. ಬಂದ ರೊಕ್ಕದಾಗ ಸಣ್ಣ ಪೆಟ್ರೋಲ್ ಗಾಡಿ ತಗೊಳ್ರಿ. ಕುರುಗೋಡಿನಾಗ ನನಗ ಗೊತ್ತಿದ್ದ ಪಾರ್ಟಿ ಐತಿ.”

“ಬ್ರೇಕಿಂದು ಹೇಳಿ ಮಾರ್ರಿ. ಕೇಳಿದ ಮ್ಯಾಲೂ ತಗೊಂಡ್ರ ಅದು ಅವರ ಇಷ್ಟ” ಎಂದರು ಡಾಕ್ಟ್ರಮ್ಮ.

“ಹೇಳದ ಇರ್ತೀವೇನ್ರಿ?” ಎಂದರು ಮೇಸ್ತ್ರಿ.

ಕುರುಗೋಡಿಗೆ ಕಾರು ಓಡಿಸಿದವನು ನಾನೇ. ಪಕ್ಕದಲ್ಲಿ ಮೇಸ್ತ್ರಿ. ಮೂವತ್ತರ ಮೇಲೆ ಮುಳ್ಳು ಏರಲು ಬಿಡಲಿಲ್ಲ. ಬಸ್ಸು ದಾಟಿತು, ಟಂಟಂ ಆಟೋ ದಾಟಿತು, ಹುಲ್ಲಿನ ಹೊರೆ ಕಟ್ಟಿಕೊಂಡ ಲೂನಾದ ಮೇಲಿನ ಅಜ್ಜ ನನ್ನನ್ನು ತಿರುಗಿ ನೋಡಿಕೊಂಡೇ ದಾಟಿದ. ನಾನು ಎಣಿಸುತ್ತಿದ್ದೆ. ಏಳು. ಏಳು. ಆರು. ನನ್ನ ತಪ್ಪು ಇನ್ನೊಬ್ಬರ ಮನೆ ಸೇರಿಬಿಟ್ಟರೆ ನನ್ನ ಪಾಲಿಗೆ ಮುಗಿಯಿತು ಎಂಬ ಆಸೆಯೂ ಒಳಗಿತ್ತು. ಅದನ್ನೂ ಒಪ್ಪಿಕೊಳ್ಳುತ್ತೇನೆ.

ಪಾರ್ಟಿ ಅಂದರೆ ಕಿರಾಣಿ ಅಂಗಡಿಯ ಯಜಮಾನರು. ಹೆಂಡತಿಯೂ ಹೊರಗೆ ಬಂದು ನಿಂತಿದ್ದರು. ಯಜಮಾನರು ಕಾರಿಗೆ ಒಂದು ಸುತ್ತು ಹಾಕಿ ಡ್ರೈವರ್ ಬಾಗಿಲು ತೆಗೆದರು. ಗುಟುರ್ರ್.

“ಏನಪ ಅದು ಸಪ್ಪಳ?” ಎಂದರು ಅವರ ಹೆಂಡತಿ.

ಗ್ಯಾರೇಜಿನಲ್ಲಿ ನನ್ನ ಪಾರಿವಾಳ ಕೇಳಿ ಬಲ್ಲ ಮೇಸ್ತ್ರಿ ನನ್ನ ಬೆನ್ನು ತಟ್ಟಿದರು. “ನಮ್ಮ ಹುಡುಗ ಮಾಡಿ ತೋರಸ್ತಾನ ನೋಡ್ರಿ ಅಕ್ಕಾರ. ಹೇಳಲೇ, ಏನು ಕುಂತೈತಿ ಒಳಗ? ಮಾಡು, ಮಾಡು!”

ಕತ್ತು ತಾನಾಗಿಯೇ ಮುಂದಕ್ಕೆ ಹೋಗಿತ್ತು. ಎದೆ ಉಬ್ಬಿತ್ತು. ಇಬ್ಬರೂ ನಗಲು ಸಿದ್ಧರಾಗಿ ನನ್ನನ್ನೇ ನೋಡುತ್ತಿದ್ದರು. ಅವರ ಮುಖದ ಜಾಗದಲ್ಲಿ ಅವತ್ತು ನಕ್ಕಿದ್ದ ಡಾಕ್ಟ್ರಮ್ಮನ ಮುಖ ಕಂಡಿತು. ಇನ್ನೊಂದು ಪಾರಿವಾಳಕ್ಕೆ ಕಾರು ಮಾರಾಟವಾಗುತ್ತಿತ್ತು.

“ಬ್ರೇಕ್ ಪಂಪು ಹೋಗೇತ್ರಿ ಅಕ್ಕಾರ” ಎಂದೆ. “ಇದನ್ನ ತಗೋಬ್ಯಾಡ್ರಿ. ತಗೊಂಡ್ರ ಪಂಪು ಬದಲಿ ಮಾಡೋ ತನಕ ಹೊರಗ ತೆಗೀಬ್ಯಾಡ್ರಿ.”

ಮೇಸ್ತ್ರಿಯ ಕೈ ನನ್ನ ಬೆನ್ನ ಮೇಲೆಯೇ ಉಳಿಯಿತು. ಈಗ ಯಜಮಾನರು ಹೌಹಾರುತ್ತಾರೆ ಎಂದುಕೊಂಡೆ. ಅವರು ಮುಗುಳ್ನಕ್ಕು ಕಣ್ಣು ಕಿರಿದು ಮಾಡಿದರು.

“ಗೊತ್ತಾತು ಬಿಡಪ. ನಿನಗ ಬ್ಯಾರೆ ಪಾರ್ಟಿ ಸಿಕ್ಕಾನ. ಎಷ್ಟು ಕೊಡ್ತೀನಂದ ಅವ?”

“ಯಾರೂ ಇಲ್ಲರಿ! ಖರೇನ ಬ್ರೇಕು ಹಿಡಿಯಲ್ಲ.”

“ಈಗ ಬಳ್ಳಾರಿಯಿಂದ ಹೊಡಕೊಂಡು ಬಂದೀಯಲ್ಲ? ದೀಪಾನೂ ಇಲ್ಲ, ಏನೂ ಇಲ್ಲ. ಅಂಗಡ್ಯಾಗ ಕುಂತು ಕೂದಲು ಬೆಳ್ಳಗ ಆಗ್ಯಾವ ತಮ್ಮಾ. ನಡಿ, ಹತ್ತು ಸಾವಿರ ಹೆಚ್ಚಿಗಿ ಕೊಡ್ತೀನಿ.”

“ಸಿರಿಗೇರಿ ಹತ್ರ ಟ್ರೇಲರಿಗೆ ಗುದ್ದೋದು ಒಂದು ಗೇಣಿನಾಗ ತಪ್ಪೇತ್ರಿ!”

“ಇಪ್ಪತ್ತು.”

ನಾನು ಸತ್ಯ ಹೇಳಿದಷ್ಟೂ ಕಾರಿನ ಬೆಲೆ ಏರುತ್ತಿತ್ತು. ಬೆನ್ನ ಮೇಲಿದ್ದ ಮೇಸ್ತ್ರಿಯ ಕೈ ಈಗ ಮೆಲ್ಲಗೆ ನೇವರಿಸತೊಡಗಿತು. “ಮಾತಾಡಲಿ ಬಿಡ್ರಿ, ಹುಡುಗ ಪ್ರಾಮಾಣಿಕ” ಎಂದರು. ನನ್ನ ಜೀವಮಾನದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಬಾಯಿಯಿಂದ ಆಗದು ಎಂದು ತಿಳಿಯಿತು. ಅಂಗಡಿಯ ಹಿಂದೆ ಬಯಲು ಜಾಗವಿತ್ತು. ಕಾರನ್ನು ಅಲ್ಲಿಗೆ ನಡಿಗೆಯ ವೇಗದಲ್ಲಿ ತಂದು, ಕೈಬ್ರೇಕು ಎಳೆದು, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟೆ. ಯಜಮಾನರನ್ನು ಸ್ಟೀರಿಂಗಿನ ಮುಂದೆ ಕೂರಿಸಿ, ಹೆಂಡತಿಯನ್ನು ದೂರ ನಿಲ್ಲಿಸಿದೆ. “ಒತ್ತಿ ಒತ್ತಿ ಬಿಡ್ರಿ. ನಾ ಎಣಸ್ತೀನಿ.”

ಹತ್ತು. ಪಂಪು ಕೂಗುತ್ತಲೇ ಇತ್ತು. ಇಪ್ಪತ್ತು. ಯಜಮಾನರ ಮುಖದಲ್ಲಿ ಇನ್ನೂ ನಗು. ಮೂವತ್ತೊಂದಕ್ಕೆ ಹಳದಿ ದೀಪ. ಮೂವತ್ತಾರಕ್ಕೆ ಕೆಂಪು, ಅದರ ಹಿಂದೆಯೇ ‘ಪೀಂ’ ಎಂಬ ಕೂಗು. ನಲವತ್ತನೆಯದಕ್ಕೆ ಅವರ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು. ಇನ್ನೊಂದು ಕಾಲನ್ನೂ ಇಟ್ಟು ಒತ್ತಿದರು. ಅಲುಗಲಿಲ್ಲ.

“ಇಳೀರಿ ಮೊದಲ” ಎಂದರು ದೂರದಿಂದ ಅವರ ಹೆಂಡತಿ.

ಇಳಿದರು. ನಾವು ಹೊರಡುವ ಮುಂಚೆ ಮಜ್ಜಿಗೆ ಕಳಿಸಿದರು. ಮೇಸ್ತ್ರಿ ಕುಡಿಯಲಿಲ್ಲ.

ಕಾರು ಬಾಡಿಗೆ ಲಾರಿಯ ಮೇಲೆ, ನಾವಿಬ್ಬರು ಕ್ಯಾಬಿನ್ನಿನಲ್ಲಿ. ಕುರುಗೋಡಿನಿಂದ ಬಳ್ಳಾರಿಯವರೆಗೆ ಮೇಸ್ತ್ರಿ ಒಂದೇ ಒಂದು ಮಾತೂ ಆಡಲಿಲ್ಲ. ಆ ಮೌನವನ್ನು ನಾನು ಎಣಿಸುವ ಧೈರ್ಯ ಮಾಡಲಿಲ್ಲ.

ನಾಲ್ಕೂವರೆಗೆ ಡಾಕ್ಟ್ರಮ್ಮ ಸಿರುಗುಪ್ಪದ ಬಸ್ಸಿಳಿದು ನೇರ ಗ್ಯಾರೇಜಿಗೆ ಬಂದರು. ಮೇಸ್ತ್ರಿಯ ಬಾಯಿ ಆಗ ಬಿಚ್ಚಿತು. “ವ್ಯಾಪಾರ ಆಗಿತ್ರಿ ಮೇಡಂ! ಕೇಳಿದ್ದಕ್ಕಿಂತ ಇಪ್ಪತ್ತು ಸಾವಿರ ಹೆಚ್ಚಿಗಿ! ಇವನ ಬಾಯಿ ಐತಲ್ಲ, ತೆರೀಬೇಕಾದಾಗ ಗುಟುರ್ ಅಂತೈತಿ, ಮುಚ್ಚಬೇಕಾದಾಗ ಹರಿಶ್ಚಂದ್ರ ಆಗ್ತೈತಿ.”

ನಾನು ಹೇಳಬೇಕಾದ್ದನ್ನು ಆಗ ಹೇಳಿದೆ. ಕಾರು ನೋಡಲು ಹೋದ ದಿನವೇ ಆ ಸದ್ದು ಕೇಳಿದ್ದೆ, ಬ್ಯಾಟರಿ ಹಾಕಿದ ದಿನವೂ ಕೇಳಿದ್ದೆ, ಎರಡು ಸಲವೂ ನಗೆಯಾಟದಲ್ಲಿ ಕಳೆದೆ. ನಿಮಗೆ ಆ ಕಾರು ಕೊಡಿಸಿದ್ದೇ ನನ್ನ ಪಾರಿವಾಳ. ಹೇಳುವಾಗ ಕಾಲಿನ ಹೆಬ್ಬೆರಳು ನೋಡುತ್ತಿದ್ದೆ.

ಡಾಕ್ಟ್ರಮ್ಮ ವಾಕರನ್ನು ಗೋಡೆಗೆ ಒರಗಿಸಿದರು. “ನಾನೂ ನಕ್ಕಿದ್ನೆಲ್ಲ” ಎಂದರು. “ಕುರುಗೋಡಿನವರಿಗೆ ಹೇಳಿದ್ದು ಛಲೋ ಆತು.” ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, “ಪಂಪು ಹೊಸಾದು ತರಸ್ರಿ. ಹುಬ್ಬಳ್ಳಿಯವರನ್ನ ಕರಸ್ರಿ, ಅವರ ಕೂಡಸಲಿ” ಎಂದರು.

ಹೊಸದು ಬರಲು ಹನ್ನೆರಡು ದಿನ ಹಿಡಿಯಿತು. ಕೂರಿಸಿ, ಸ್ಕ್ಯಾನರಿನಿಂದ ಗಾಳಿ ತೆಗೆದು, ಪೆಡಲಿನ ಅಳತೆಯನ್ನು ಕಂಪ್ಯೂಟರಿಗೆ ಕಲಿಸಿ ಮುಗಿಸಲು ಒಂದು ಪೂರ್ತಿ ದಿನ. ಹೊಸ ಪಂಪು ಎಪ್ಪತ್ತೆರಡು ಸೆಕೆಂಡು ಸುಮ್ಮನಿತ್ತು. ಬಿಟ್ಟ ಎರಡು ಮನೆಗಳಲ್ಲಿ ಒಂದು ಮನೆಯವರು ಡಾಕ್ಟ್ರಮ್ಮನನ್ನು ಮತ್ತೆ ಕರೆದರು. ಇನ್ನೊಂದು ಮನೆಯವರು ಕರೆಯಲಿಲ್ಲ. ಇದೆಲ್ಲ ಆಮೇಲಿನದು. ವಿಷಯ ಮುಗಿದದ್ದು ಆ ಸಂಜೆಯೇ.

ಮೇಸ್ತ್ರಿ ಹೊಸದು ಎಂಬ ಮಾತು ಕೇಳಿ ಕನ್ನಡಕವನ್ನು ಹಣೆಗೆ ಏರಿಸಿದರು. “ಮೇಡಂ, ನಿಮ್ಮ ಒಳ್ಳೇದಕ್ಕ ಹೇಳ್ತೀನಿ. ಅಷ್ಟು ರೊಕ್ಕ ಸುರಿಯುವಷ್ಟು ಕಿಮ್ಮತ್ತು ಈ ಕಾರಿಗೆ ಎಲ್ಲೈತ್ರಿ?”

ಡಾಕ್ಟ್ರಮ್ಮ ಚೀಲವನ್ನು ಹೆಗಲಿಗೆ ಹಾಕಿಕೊಂಡು, ವಾಕರ್ ಕೈಗೆತ್ತಿಕೊಂಡರು.

“ಕಾರಿನ ಕಿಮ್ಮತ್ತು ಹಿಡಿದ್ರೆಲ್ರಿ ಮೇಸ್ತ್ರಿ. ಒಳಗ ಕುಂದ್ರಾಕಿ ಜೀವದ್ದು ಎಷ್ಟು ಹಿಡದೀರಿ?”